ಹೆಸರು ಒಂದೇ, ಕಾರು ಬೇರೆ: ಬಿಡದಿಯ ಕ್ಯಾಮ್ರಿ ಮತ್ತು ಅದರ ಒಂಬತ್ತು ತಲೆಮಾರು



ಈ ಸಲದ ಲೇಖನ ಕಾರಿನ ಬಗ್ಗೆ ಎಂದರೆ ಕೆಲವರು ಹುಬ್ಬೇರಿಸಬಹುದು. ನಾಡಹಬ್ಬ, ಕನ್ನಡ ಶಾಲೆ, ದಾಸರ ಪದ ಇವುಗಳ ನಡುವೆ ಇದೇನು ಎಂದು ಕೇಳಬಹುದು. ಕಾರಣ ಹೇಳುತ್ತೇವೆ. ಕೆಲವು ವಾರಗಳ ಹಿಂದೆ ನಮ್ಮ ಹಳೆಯ ಸದಸ್ಯರೊಬ್ಬರು ಮಗನನ್ನು ಕರೆದುಕೊಂಡು ಸಂಘದ ಕಚೇರಿಗೆ ಬಂದರು. ಮಗ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬೆಂಗಳೂರಿನಲ್ಲಿ ಮಾರಾಟಕ್ಕಿದ್ದ ಹಳೆಯ ಟೊಯೋಟಾ ಕ್ಯಾಮ್ರಿ. ಮುತ್ತಿನ ಬಿಳಿ ಬಣ್ಣ, ಒಳಗೆ ಚರ್ಮದ ಸೀಟು. ಬೆಲೆ ಮಾತ್ರ ಹೊಸ ಸಣ್ಣ ಕಾರಿನಷ್ಟೇ. ಮದುವೆ ಬಾಡಿಗೆಗೆ, ಮಂತ್ರಾಲಯಕ್ಕೆ ಬರುವ ದೊಡ್ಡ ಯಾತ್ರಿಕರಿಗೆ ಓಡಿಸಬಹುದು ಎಂಬುದು ಅವನ ಲೆಕ್ಕ. ಹಣ ಮಾತ್ರ ಅಪ್ಪ ಇಡೀ ಜೀವನ ಕೂಡಿಟ್ಟಿದ್ದು. "ನೀವು ಮೂವತ್ತು ವರ್ಷ ಕಾಗದ ಪತ್ರ ನೋಡಿದವರು, ಒಂದು ಮಾತು ಹೇಳಿ" ಎಂದು ತಂದೆ ಕೇಳಿದರು.

ಕಾಗದ ನೋಡಲು ಬರುತ್ತದೆ, ಕಾರು ಬರುವುದಿಲ್ಲ ಎಂದೆವು. ಆದರೂ ಕೈಬಿಡಲಿಲ್ಲ. ಗೊತ್ತಿದ್ದವರನ್ನು ಕೇಳಿದೆವು, ಓದಿದೆವು, ಮೆಕ್ಯಾನಿಕ್ ಮಿತ್ರರ ಪಕ್ಕ ಕುಳಿತು ತಿಳಿದುಕೊಂಡೆವು. ಮಾರುವವನು ಹುಡುಗನಿಗೆ ಪದೇ ಪದೇ ಹೇಳಿದ್ದ ಮಾತು ಒಂದೇ: "ಕ್ಯಾಮ್ರಿ ಅಂದರೆ ಕ್ಯಾಮ್ರಿ." ಈ ಮಾತು ಸುಳ್ಳು ಎಂಬುದು ನಮಗೆ ಕೊನೆಗೆ ತಿಳಿದ ಸಂಗತಿ. ಇನ್ನಷ್ಟು ಮನೆಗಳಲ್ಲಿ ಇಂಥ ಆಸೆ ಹುಟ್ಟಿರಬಹುದು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು "ತಲೆಮಾರು" ಎಂಬ ಪದ. ನಮ್ಮ ವಯಸ್ಸಿನವರಿಗೆ ಕಾರು ಎಂದರೆ ಅಂಬಾಸಿಡರ್. ಸಾಹೇಬರು ಇಳಿಯುತ್ತಿದ್ದದ್ದು ಅದರಿಂದಲೇ, ನಾವು ಕಡತ ಹಿಡಿದು ನಿಲ್ಲುತ್ತಿದ್ದದ್ದು ಅದರ ಬಾಗಿಲ ಪಕ್ಕವೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ. ಮುಂದಿನ ಜಾಲರಿ ಬದಲಾಯಿತು, ಎಂಜಿನ್ ಬದಲಾಯಿತು, ಮಾರ್ಕ್ 2, 3, 4 ಎಂದು ಹೆಸರಿನ ಬಾಲ ಬೆಳೆಯಿತು, ಮೈ ಮಾತ್ರ ಅದೇ. ಕಾರಿನವರ ಲೆಕ್ಕದಲ್ಲಿ ಇದೆಲ್ಲ ಮುಖ ತೊಳೆದು ಪೌಡರ್ ಹಾಕಿದಂತೆ, ಹೊಸ ತಲೆಮಾರಲ್ಲ. ತಳದ ಹಲಗೆ, ಚಕ್ರಗಳು ಮೈಗೆ ಕೂಡುವ ಬಗೆ, ಎಂಜಿನ್ ಕೂರುವ ಜಾಗ ಇವೆಲ್ಲ ಹೊಸದಾಗಿ ಎದ್ದರೆ ಅದು ಹೊಸ ತಲೆಮಾರು. ಹಿಂಬದಿಯ ಹೆಸರಿನ ಫಲಕ ಒಂದೇ ಉಳಿಯುತ್ತದೆ.

ಸೆಡಾನ್ ಎಂದರೆ ಮೂರು ಪೆಟ್ಟಿಗೆಯ ಕಾರು: ಮುಂದೆ ಎಂಜಿನ್, ನಡುವೆ ಮನುಷ್ಯರು, ಹಿಂದೆ ಸಾಮಾನು. ಅದಕ್ಕೆ "ಸ್ಪೋರ್ಟ್ಸ್" ಎಂಬ ವಿಶೇಷಣ ಸೇರಿದ ಕಥೆ ಜರ್ಮನಿಯದು. 1950ರ ದಶಕದ ಕೊನೆಗೆ ಬಿಎಂಡಬ್ಲ್ಯು ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. 1961ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 1500 ಎಂಬ ಕಾರು ತೋರಿಸಿ ಅದು ಎದ್ದು ನಿಂತಿತು. ಮನೆಮಂದಿ ಕೂರುವ ನಾಲ್ಕು ಬಾಗಿಲ ಕಾರೇ ಚುರುಕಾಗಿ, ತಿರುವಿನಲ್ಲಿ ತೂಗಾಡದೆ ಓಡಬೇಕು ಎಂಬುದು ಅದರ ಉದ್ದೇಶ. 1972ರಲ್ಲಿ 5 ಸರಣಿ, 1975ರಲ್ಲಿ 3 ಸರಣಿ ಬಂದವು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ, ತೂಕ ಎರಡೂ ಕಡೆ ಸಮ: ಈ ಎರಡು ಸರಣಿಗಳ ಸೂತ್ರ ಇದು. 2007ರಿಂದ ಆ ಕಾರುಗಳ ಜೋಡಣೆ ಚೆನ್ನೈ ಬಳಿಯೂ ನಡೆದಿದೆ. ಅದು ನಮ್ಮ ಊಟದ ಎಲೆಗೆ ದೂರ. ನಮ್ಮ ಕನ್ನಡ ನೆಲದಲ್ಲಿ ಜೋಡಣೆಯಾಗುವ ಐಷಾರಾಮಿ ಸೆಡಾನ್ ಎಂದರೆ ಬಿಡದಿಯ ಕ್ಯಾಮ್ರಿ. ಅದು ಅಸಲಿ ಸ್ಪೋರ್ಟ್ಸ್ ಸೆಡಾನ್ ಹೌದೇ ಎಂದು ಕಾರು ಬಲ್ಲವರು ಜಗಳ ಮಾಡುತ್ತಾರೆ. ಆದರೆ ಅದು ಹುಟ್ಟಿದ್ದು ಸ್ಪೋರ್ಟ್ಸ್ ಕಾರಿನ ಹೆಸರಿನ ನೆರಳಿನಲ್ಲಿಯೇ.

1970ರಿಂದ ಟೊಯೋಟಾ ಸೆಲಿಕಾ ಎಂಬ ಚುರುಕಾದ ಎರಡು ಬಾಗಿಲ ಕಾರು ಮಾಡುತ್ತಿತ್ತು. ಆ ಹೆಸರಿನ ಕೀರ್ತಿಯನ್ನು ಸಂಸಾರಸ್ಥರಿಗೂ ಮಾರೋಣ ಎಂದು 1980ರ ಜನವರಿಯಲ್ಲಿ ನಾಲ್ಕು ಬಾಗಿಲ "ಸೆಲಿಕಾ ಕ್ಯಾಮ್ರಿ" ಜಪಾನಿನಲ್ಲಿ ಬಂತು. ಎಳೆತ ಹಿಂದಿನ ಚಕ್ರಕ್ಕೆ. ಕ್ಯಾಮ್ರಿ ಎಂಬುದು ಜಪಾನಿ ಭಾಷೆಯ "ಕನ್ಮುರಿ", ಅಂದರೆ ಕಿರೀಟ. ಆ ಕಂಪನಿಗೆ ಕಿರೀಟದ ಹುಚ್ಚು ಮೊದಲಿನಿಂದಲೂ ಇದೆ. ಕ್ರೌನ್, ಕೊರೋನಾ, ಕೊರೊಲ್ಲಾ ಎಲ್ಲವೂ ಒಂದಲ್ಲ ಒಂದು ಭಾಷೆಯಲ್ಲಿ ಕಿರೀಟವೇ.

ಎರಡೇ ವರ್ಷದಲ್ಲಿ ಆ ಕಿರೀಟ ಸೆಲಿಕಾದ ತಲೆಯಿಂದ ಇಳಿಯಿತು. 1982ರಲ್ಲಿ ಬರಿಯ "ಕ್ಯಾಮ್ರಿ" ಬಂತು. ಕಂಪನಿಯವರು ಮೊದಲ ತಲೆಮಾರು ಎಂದು ಎಣಿಸುವುದು ಇಲ್ಲಿಂದ. ಇದೇ ಈ ಕಥೆಯ ದೊಡ್ಡ ತಿರುವು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಎಳೆತವನ್ನು ಮುಂದಿನ ಚಕ್ರಕ್ಕೆ ಕೊಟ್ಟರು. ಇದರಿಂದ ಏನಾಯಿತು? ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ದಂಡ ಬೇಡವಾಯಿತು. ನಡುವಿನ ದಿಬ್ಬ ತಗ್ಗಿತು, ಕಾಲು ಚಾಚಲು ಜಾಗ ಬಂತು. ಆದರೆ ಮುಂದಿನ ಚಕ್ರಗಳಿಗೆ ಎರಡು ಕೆಲಸ ಬಿತ್ತು: ಎಳೆಯುವುದೂ ಅವೇ, ತಿರುಗುವುದೂ ಅವೇ. ಒಂದೇ ಎತ್ತು ಗಾಣಕ್ಕೂ ಹೊಲಕ್ಕೂ ಎಂದ ಹಾಗೆ. ಚಾಲಕನ ಸುಖ ಸ್ವಲ್ಪ ಹೋಯಿತು, ಹಿಂದೆ ಕೂತವರ ಸುಖ ಬಹಳ ಬಂತು. ಕ್ಯಾಮ್ರಿ ಆಯ್ದುಕೊಂಡದ್ದು ಹಿಂದಿನ ಸೀಟನ್ನು.

ಮುಂದಿನ ಮೂರು ತಲೆಮಾರು ನಮ್ಮ ರಸ್ತೆಗಳಲ್ಲಿ ಕಾಣುವಂಥವಲ್ಲ, ಬೇಗ ಹೇಳಿ ಮುಗಿಸುತ್ತೇವೆ. 1986ರ ಎರಡನೆಯದು ಅಮೆರಿಕಕ್ಕೆ ಹೋಗಿ ಬೇರು ಬಿಟ್ಟಿತು. 1988ರಲ್ಲಿ ಅಲ್ಲಿನ ಕೆಂಟಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿ ತಯಾರಿಕೆ ಶುರುವಾಯಿತು. ಅದರ ಮೇಲೆಯೇ 1989ರಲ್ಲಿ ಲೆಕ್ಸಸ್ ಇಎಸ್ ಎಂಬ ಶ್ರೀಮಂತ ಅಣ್ಣ ಎದ್ದ. ಆ ಲೆಕ್ಸಸ್‌ನ ಜೋಡಣೆ 2020ರಲ್ಲಿ ಭಾರತದಲ್ಲಿಯೂ ಶುರುವಾಯಿತು. 1991ರ ಮೂರನೆಯ ತಲೆಮಾರಿನಲ್ಲಿ ಒಂದು ತಮಾಷೆ ಇದೆ. ಜಪಾನಿನಲ್ಲಿ ಅಗಲ 1.7 ಮೀಟರ್ ದಾಟಿದರೆ ಕಾರು ಮೇಲಿನ ವರ್ಗಕ್ಕೆ ಹೋಗುತ್ತಿತ್ತು. ಅಮೆರಿಕದವರಿಗೋ ಅಗಲವೇ ಬೇಕು. ಹಾಗಾಗಿ ಒಂದೇ ಹೆಸರಿನಲ್ಲಿ ತವರಿಗೆ ತೆಳ್ಳಗಿನ ಕ್ಯಾಮ್ರಿ, ಹೊರಗೆ ದಪ್ಪನೆಯದು, ಎರಡು ಮಾಡಿದರು. ಕೊನೆಗೆ ದಪ್ಪನೆಯದೇ ಗೆದ್ದಿತು. 1996ರ ನಾಲ್ಕನೆಯದು 1997ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರಾಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ಆದವಾನಿಯವರಾಗಿ ಈ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.

ಕ್ಯಾಮ್ರಿ ಮಾಡುವ ಕಂಪನಿಯ ಮೂಲ ಹತ್ತಿ. ಸಕಿಚಿ ಟೊಯೋಡ ಎಂಬ ಬಡಗಿಯ ಮಗ ಮಗ್ಗಗಳನ್ನು ಸುಧಾರಿಸುತ್ತಾ ಹೋಗಿ, 1924ರಲ್ಲಿ ತಾನೇ ತಾನಾಗಿ ನಡೆಯುವ ಮಗ್ಗ ಪೂರ್ಣಗೊಳಿಸಿದರು. ಅದರ ವಿಶೇಷ ಇಷ್ಟೇ: ಒಂದು ಎಳೆ ಕಡಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಮಾರುಗಟ್ಟಲೆ ನೇಯ್ದು ಆಮೇಲೆ ಹರಿಯುವ ಬದಲು, ತಪ್ಪಾದ ಕ್ಷಣವೇ ನಿಲ್ಲಿಸು ಎಂಬ ತತ್ವ. 1929ರಲ್ಲಿ ಆ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಕೊಟ್ಟರು. ಮಗ ಕಿಚಿರೊ 1930ರ ದಶಕದಲ್ಲಿ ಮಗ್ಗದ ಕಾರ್ಖಾನೆಯೊಳಗೇ ಕಾರಿನ ವಿಭಾಗ ಕಟ್ಟಿ, 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿಯನ್ನು ಬೇರೆಯಾಗಿ ನಿಲ್ಲಿಸಿದರು. ಇಂದಿಗೂ ಆ ಕಂಪನಿಯ ಕಾರ್ಖಾನೆಗಳಲ್ಲಿ ದೋಷ ಕಂಡ ಕೆಲಸಗಾರ ಒಂದು ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದು. ಅದು ಆ ಕಡಿದ ಎಳೆಯ ನೆನಪೇ.

ಇನ್ನೊಂದು ಕಡೆಯ ನೆಂಟಸ್ತಿಕೆ ನೋಡಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ ಬೆಳೆದ ಮನೆತನ. ಮರದ ನೇಗಿಲು ಬಿಡಲು ರೈತರು ಒಪ್ಪದೆ ಅವರ ನೇಗಿಲುಗಳು ಬಹಳ ದಿನ ಮಾರಾಟವಾಗದೆ ಬಿದ್ದಿದ್ದವಂತೆ. ಈ ಎರಡು ಮನೆತನದವರು ಭಾರತದಲ್ಲಿ ಮೊದಲು ಕೈ ಹಿಡಿದದ್ದು ಕಾರಿಗಲ್ಲ. 1995ರಲ್ಲಿ ಬೆಂಗಳೂರಿನ ಬಳಿ ನೂಲುವ ಯಂತ್ರ ಮಾಡಲು. ಅಂದರೆ ನಮ್ಮ ಮಾರುಕಟ್ಟೆ ಯಾರ್ಡಿನಲ್ಲಿ ಹರಾಜಾಗುವ ಹತ್ತಿಯ ಮುಂದಿನ ಹೆಜ್ಜೆಗೆ. ಅದಾಗಿ ಎರಡು ವರ್ಷಕ್ಕೆ, 1997ರಲ್ಲಿ, ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು. ಮೈಸೂರು ರಸ್ತೆಯ ಬಿಡದಿಯಲ್ಲಿ 432 ಎಕರೆ. ತಟ್ಟೆ ಇಡ್ಲಿಗೆ ಹೆಸರಾಗಿದ್ದ ಊರು ಕಾರಿನ ಊರೂ ಆಯಿತು. 2000ರಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ. ಮಂತ್ರಾಲಯದ ರಥಬೀದಿಯ ಹತ್ತಿರ ನಿಂತರೆ ಈಗಲೂ ಹತ್ತರಲ್ಲಿ ನಾಲ್ಕು ಬಾಡಿಗೆ ಗಾಡಿ ಅದೇ ಎಂದು ನಮಗೆ ಅನ್ನಿಸುತ್ತದೆ. ಇದು ಲೆಕ್ಕವಲ್ಲ, ಕಣ್ಣಂದಾಜು. 2007ರಿಂದ ಅಲ್ಲಿಯೇ ತಾಂತ್ರಿಕ ತರಬೇತಿ ಶಾಲೆಯೊಂದಿದೆ. ಹತ್ತನೆಯ ತರಗತಿ ಮುಗಿಸಿದ ಕರ್ನಾಟಕದ ಹಳ್ಳಿಯ ಬಡ ಮಕ್ಕಳಿಗೆ ವಸತಿ ಸಹಿತ ಮೂರು ವರ್ಷದ ಕಲಿಕೆ.

ಈಗ ನಮ್ಮ ದೇಶದ ಕ್ಯಾಮ್ರಿಗಳಿಗೆ ಬರೋಣ. ಹಳೆ ಕಾರು ಕೊಳ್ಳುವವರು ಇಲ್ಲಿಂದ ಗಮನವಿಟ್ಟು ಓದಬೇಕು.

2002ರಲ್ಲಿ ಭಾರತಕ್ಕೆ ಬಂದದ್ದು ಐದನೆಯ ತಲೆಮಾರು. 2.4 ಲೀಟರ್ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್. ಮಂತ್ರಿಗಳು, ಕಂಪನಿ ಮುಖ್ಯಸ್ಥರು ಕೊಂಡರು. 2006ರಲ್ಲಿ ಆರನೆಯದು, ಎಂಜಿನ್ ಅಳತೆ ಅಷ್ಟೇ, ಮೈ ದುಂಡಗಾಯಿತು. ಇವೆರಡೂ ಗಟ್ಟಿ, ಮೆತ್ತಗೆ, ಪೆಟ್ರೋಲ್ ಕುಡಿಯುವುದರಲ್ಲಿ ಧಾರಾಳ. ಸ್ಪೋರ್ಟ್ಸ್ ಎಂಬ ಮಾತು ಇಲ್ಲಿ ಇಲ್ಲ, ಒಳ್ಳೆಯ ಸೋಫಾ ಎನ್ನಿ. ಇದೇ ಕಾಲದಲ್ಲಿ, 2007ರಲ್ಲಿ, ಅಮೆರಿಕದ ನ್ಯಾಸ್ಕಾರ್ ಓಟದಲ್ಲಿ ಕ್ಯಾಮ್ರಿ ಹೆಸರಿನ ಕಾರು ಇಳಿಯಿತು. ಅದರ ಎಂಜಿನ್ ಎಂಟು ಸಿಲಿಂಡರ್, ಎಳೆತ ಹಿಂದಿನ ಚಕ್ರಕ್ಕೆ. ಅಂಗಡಿಯ ಕ್ಯಾಮ್ರಿಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಹೆಸರು ಎಷ್ಟು ದೂರ ಹೋಗಬಲ್ಲದು ನೋಡಿ.

2012ರಲ್ಲಿ ಏಳನೆಯ ತಲೆಮಾರು. 2.5 ಲೀಟರ್ ಎಂಜಿನ್, ಜೋಡಣೆ ಬಿಡದಿಯಲ್ಲಿ. ಮರುವರ್ಷ 2013ರಲ್ಲಿ ಅದರ ಹೈಬ್ರಿಡ್ ರೂಪ ಅಲ್ಲಿಂದಲೇ ಬಂತು. ಭಾರತದಲ್ಲಿ ಜೋಡಣೆಯಾದ ಈ ಬಗೆಯ ಪೂರ್ಣ ಹೈಬ್ರಿಡ್ ಕಾರು ಅದೇ ಮೊದಲು. ಭಾಗಗಳು ಬಹುಪಾಲು ಹೊರಗಿನಿಂದ ಬರುತ್ತವೆ, ಜೋಡಿಸುವ ಕೈಗಳು ನಮ್ಮವು. ಒಂದೇ ತಲೆಮಾರು, ಒಂದೇ ಮೈ, ಆದರೆ ಪರೀಕ್ಷೆಯ ಮೈಲೇಜು ನೋಡಿ: ಬರಿ ಪೆಟ್ರೋಲಿನದು ಲೀಟರಿಗೆ ಸುಮಾರು 13 ಕಿ.ಮೀ., ಹೈಬ್ರಿಡ್ಡಿನದು 19.16 ಕಿ.ಮೀ. ಹಾಗಾಗಿ "2013ರ ಕ್ಯಾಮ್ರಿ" ಎಂದರೂ ಮಾತು ಪೂರ್ಣವಾಗುವುದಿಲ್ಲ, ಯಾವುದು ಎಂದು ಕೇಳಬೇಕು.

ಹೈಬ್ರಿಡ್ ಎಂದರೇನು ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ನಮಗೆ ಅರ್ಥವಾದಷ್ಟು ಹೇಳುತ್ತೇವೆ. ಬಂಡಿಗೆ ಎರಡು ಎತ್ತು ಕಟ್ಟಿದ್ದೀರಿ ಎನ್ನಿ. ಒಂದು ಬಲಿಷ್ಠ, ಆದರೆ ಹೊರಡುವಾಗ ಮೊಂಡು, ನಿಧಾನಕ್ಕೆ ನಡೆಸಿದರೆ ಮೇವು ದಂಡ. ಅದು ಪೆಟ್ರೋಲ್ ಎಂಜಿನ್. ಇನ್ನೊಂದು ಚುರುಕು, ನಿಂತಲ್ಲಿಂದ ಥಟ್ಟನೆ ಎಳೆಯುತ್ತದೆ, ಆದರೆ ಬೇಗ ದಣಿಯುತ್ತದೆ. ಅದು ವಿದ್ಯುತ್ ಮೋಟಾರು. ಹೊರಡುವಾಗ, ಸಂತೆಯ ದಟ್ಟಣೆಯಲ್ಲಿ ಚುರುಕಿನದು ಎಳೆಯುತ್ತದೆ. ಬಯಲು ರಸ್ತೆಗೆ ಬಿದ್ದ ಮೇಲೆ ಬಲಿಷ್ಠದ ಸರದಿ. ಏರಿನಲ್ಲಿ ಎರಡೂ. ಇಳಿಜಾರಿನಲ್ಲಿ, ಬ್ರೇಕ್ ಒತ್ತಿದಾಗ, ಚುರುಕಿನ ಎತ್ತಿಗೆ ಮೇವು ಸಿಗುತ್ತದೆ: ಚಕ್ರವೇ ಮೋಟಾರನ್ನು ತಿರುಗಿಸಿ ಬ್ಯಾಟರಿ ತುಂಬುತ್ತದೆ. ಹೊರಗಿನಿಂದ ತಂತಿ ಚುಚ್ಚುವ ಕೆಲಸವಿಲ್ಲ. ಎರಡು ಎತ್ತುಗಳ ನೊಗ ಯಾವುದು ಎಂದರೆ ಒಂದು ಹಲ್ಲುಚಕ್ರಗಳ ಗುಂಪು. ನಡುವೆ ಒಂದು ಚಕ್ರ, ಅದರ ಸುತ್ತ ಸಣ್ಣವು, ಹೊರಗೆ ಒಂದು ಬಳೆ. ನವಗ್ರಹದ ಹಾಗೆ ಸುತ್ತುವುದರಿಂದ ಗ್ರಹಚಕ್ರ ಎನ್ನಬಹುದು. ನಡುವಿನದು ವಿದ್ಯುತ್ ಮಾಡುವ ಜನರೇಟರಿಗೆ, ಸಣ್ಣ ಚಕ್ರಗಳ ಹಿಡಿಕೆ ಎಂಜಿನ್ನಿಗೆ, ಬಳೆ ಗಾಡಿಯ ಚಕ್ರದ ಕಡೆಗೆ. ಯಾರು ಎಷ್ಟು ಎಳೆಯಬೇಕೆಂದು ಗಣಕ ಕ್ಷಣಕ್ಷಣಕ್ಕೂ ಹಂಚುತ್ತದೆ. ಮಾಮೂಲು ಗೇರುಪೆಟ್ಟಿಗೆಯೂ ಕ್ಲಚ್ಚೂ ಇಲ್ಲವಾದ್ದರಿಂದ ಕೆಡುವ ಭಾಗಗಳೂ ಕಡಿಮೆ ಎಂದು ಮೆಕ್ಯಾನಿಕ್ ಮಿತ್ರರು ಹೇಳಿದರು.

ಆದರೆ ಬ್ಯಾಟರಿ ಇದೆಯಲ್ಲ, ಅಲ್ಲಿದೆ ಎಚ್ಚರಿಕೆ. ಏಳನೆಯ ತಲೆಮಾರಿನ ಹೈಬ್ರಿಡ್ಡಿನಲ್ಲಿ ನಿಕಲ್ ಬಗೆಯ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗೆ ಕೂತಿದೆ, ಸಾಮಾನಿನ ಜಾಗವನ್ನೂ ತಿಂದಿದೆ. ಅದನ್ನು ತಣ್ಣಗಿಡಲು ಒಂದು ಫ್ಯಾನು ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆ ಗಾಳಿಯ ಕಿಂಡಿಯಲ್ಲಿ ಧೂಳು ಕಟ್ಟಿದರೆ ಬ್ಯಾಟರಿ ಕಾಯುತ್ತದೆ, ಕಾದರೆ ಆಯಸ್ಸು ಕುಗ್ಗುತ್ತದೆ. ನಮ್ಮ ಊರಿನ ಬೇಸಿಗೆ, ಕೆಂಧೂಳು, ಜಿನ್ನಿಂಗ್ ಮಿಲ್ಲಿನ ಸುತ್ತ ಹಾರುವ ಅರಳೆಯ ಎಳೆ ಎಲ್ಲ ನಿಮಗೆ ಗೊತ್ತೇ ಇದೆ. ಆ ಹುಡುಗ ನೋಡಿದ್ದ ಕಾರು ಈ ತಲೆಮಾರಿನ ಹೈಬ್ರಿಡ್ಡೇ. ಹತ್ತು ವರ್ಷ ದಾಟಿತ್ತು. ಬ್ಯಾಟರಿ ಬದಲಿಸಿದ ರಸೀದಿ ಇರಲಿಲ್ಲ. ಹೊಸ ಬ್ಯಾಟರಿಯ ಖರ್ಚು ಸೇರಿಸಿದರೆ ಸಣ್ಣ ಕಾರಿನ ಬೆಲೆ ಎಂಬ ಲೆಕ್ಕ ನಿಲ್ಲುವುದಿಲ್ಲ. 2021ರಿಂದ ಈಚೆಗೆ ಕಂಪನಿ ಹೊಸ ಹೈಬ್ರಿಡ್ ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಭರವಸೆ ಕೊಡುತ್ತಿದೆ. ಹಳೆಯವಕ್ಕೆ ಆ ಮಾತು ಹಚ್ಚಬಾರದು.

ಎಂಟನೆಯ ತಲೆಮಾರು 2017ರಲ್ಲಿ ಹೊರದೇಶದಲ್ಲಿ, 2019ರ ಜನವರಿಯಲ್ಲಿ ನಮ್ಮಲ್ಲಿ ಬಂತು, ಹೈಬ್ರಿಡ್ ರೂಪದಲ್ಲಿ ಮಾತ್ರ. ಬಹಳ ವರ್ಷದ ಮೇಲೆ ಕ್ಯಾಮ್ರಿ ಮತ್ತೆ ಚಾಲಕನ ಕಡೆ ತಿರುಗಿ ನೋಡಿದ್ದು ಇಲ್ಲಿ. ತಳಪಾಯವೇ ಹೊಸದು. ಮೈ ತಗ್ಗಿತು, ಅಗಲವಾಯಿತು. ಬ್ಯಾಟರಿ ಹಿಂದಿನ ಸೀಟಿನ ಅಡಿಗೆ ಇಳಿಯಿತು, ಡಿಕ್ಕಿ ಪೂರ್ತಿ ಖಾಲಿಯಾಯಿತು, ಭಾರ ನೆಲಕ್ಕೆ ಹತ್ತಿರವಾಯಿತು. ಅಲ್ಲಿಯವರೆಗೆ ಹಿಂದಿನ ಚಕ್ರಗಳು ಸ್ಪ್ರಿಂಗಿನ ಕಂಬಕ್ಕೆ ಆತುಕೊಂಡಿದ್ದವು. ಈಗ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು. ತಿರುವಿನಲ್ಲಿ ಮೈ ವಾಲಿದರೂ ಟೈರು ನೆಲಕ್ಕೆ ನೆಟ್ಟಗೆ ಕೂತು ಹಿಡಿತ ಬಿಡುವುದಿಲ್ಲ. ಎಂಜಿನ್ನೂ ಮೋಟಾರೂ ಸೇರಿ ಶಕ್ತಿ 218 ಪಿಎಸ್, ಹಿಂದಿನ ಹೈಬ್ರಿಡ್ಡಿನಲ್ಲಿ ಅದು 205 ಇತ್ತು. ಮೈಲೇಜು 23.27 ಕಿ.ಮೀ. ಶಕ್ತಿಯೂ ಹೆಚ್ಚಿ ಮೈಲೇಜೂ ಹೆಚ್ಚುವುದು ನಮ್ಮ ಕಾಲದಲ್ಲಿ ಕೇಳದ ಮಾತು.

2024ರ ಡಿಸೆಂಬರಿನಲ್ಲಿ ಒಂಬತ್ತನೆಯದು ಬಂತು, ಆಗಿನ ಶೋರೂಂ ಬೆಲೆ 48 ಲಕ್ಷ. ಲಿಥಿಯಂ ಬ್ಯಾಟರಿ, 230 ಪಿಎಸ್, ಮೈಲೇಜು 25.49 ಕಿ.ಮೀ., ಒಂಬತ್ತು ಗಾಳಿಚೀಲ. ಉದ್ದ 4.92 ಮೀಟರ್, 1982ರದು ನಾಲ್ಕೂವರೆ ಮೀಟರಿನೊಳಗೆ ಇತ್ತು. ನಿಜ ಹೇಳಬೇಕೆಂದರೆ ತಳಪಾಯದಲ್ಲಿ ಇದು ಎಂಟನೆಯದರ ತಮ್ಮನೇ. ಹೊಸ ತಲೆಮಾರು ಎಂಬ ಹೆಸರಿಗೆ ಪೂರ್ತಿ ತಕ್ಕದ್ದೇ ಎಂದು ನಮಗೆ ಅನುಮಾನ. 2025ರಲ್ಲಿ "ಸ್ಪ್ರಿಂಟ್" ಎಂಬ ರೂಪ ಕೂಡ ಬಂತು. ಕಪ್ಪು ಬಾನೆಟ್ಟು, ಕಪ್ಪು ಚಾವಣಿ, ಹಿಂದೊಂದು ರೆಕ್ಕೆ. ಎಂಜಿನ್ ಮಾತ್ರ ಅದೇ. ನಲವತ್ತೈದು ವರ್ಷದ ಮೇಲೆ ಸ್ಪೋರ್ಟ್ಸ್ ಹೆಸರು ಮರಳಿತು, ಬಣ್ಣದ ರೂಪದಲ್ಲಿ.

ಇಷ್ಟು ಒಳ್ಳೆಯ ಗಾಡಿ ನಮ್ಮ ಕಡೆ ಏಕೆ ಕಾಣುವುದಿಲ್ಲ? ಬೆಲೆ ಒಂದು ಕಾರಣ, ತೆರಿಗೆ ಇನ್ನೊಂದು. 2017ರ ಜುಲೈಗೆ ಮುಂಚೆ ಹೈಬ್ರಿಡ್ಡಿಗೆ ರಿಯಾಯಿತಿ ಇತ್ತು. ಜಿಎಸ್‌ಟಿ ಬಂದಾಗ ದೊಡ್ಡ ಹೈಬ್ರಿಡ್ ಕಾರಿಗೆ ಸೆಸ್ ಸೇರಿ ಶೇ. 43 ಆಯಿತು. ಪೂರ್ತಿ ವಿದ್ಯುತ್ ಕಾರಿಗೆ 2019ರಿಂದ ಶೇ. 5. ದೊಡ್ಡ ಹೈಬ್ರಿಡ್ಡಿಗೆ 2025ರ ಸೆಪ್ಟೆಂಬರಿನಿಂದ ಶೇ. 40. ಜನರೂ ಈಗ ಎತ್ತರದ ಗಾಡಿ ಕೇಳುತ್ತಾರೆ. ಕೌತಾಳಂ, ಹೊಳಗುಂದ ಕಡೆಯ ರಸ್ತೆ ನೋಡಿದವರು ಅದನ್ನು ತಪ್ಪೆನ್ನಲಾರರು.

ಇನ್ನು ನಮಗೆ ಬರುವ ವಿಷಯ, ಕಾಗದ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ ಹೋದವು. ಆ ಗೆರೆ ನಮ್ಮ ಮದುವೆ ಮುಂಜಿಗೆ ಅಡ್ಡ ಬಂದಿಲ್ಲ. ಕಾರಿನ ಕಾಗದಕ್ಕೆ ಮಾತ್ರ ಖಂಡಿತ ಅಡ್ಡ ಬರುತ್ತದೆ. ಬಳ್ಳಾರಿಯ ಕೆಎ 34, ರಾಯಚೂರಿನ ಕೆಎ 36 ಫಲಕದ ಗಾಡಿಗಳು ವರ್ಷಗಟ್ಟಲೆ ನಮ್ಮ ಬೀದಿಗಳಲ್ಲಿ ನಿಂತಿರುವುದನ್ನು ನೋಡುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಲೇಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ನಮೂನೆ 28. ಆ ಅರ್ಜಿಯ ಮೇಲೆ ಚಾಸಿ ನಂಬರನ್ನು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಅಂಟಿಸಬೇಕು. ಈ ಗಣಕದ ಕಾಲದಲ್ಲೂ ಆ ಪೆನ್ಸಿಲ್ ಉಳಿದುಕೊಂಡಿರುವುದು ನಮಗೇನೋ ಸಂತೋಷ. ಸಾಲದ ಮೇಲೆ ಕೊಂಡ ಗಾಡಿಯಾದರೆ ಸಾಲ ತೀರಿದೆ ಎಂದು ಬ್ಯಾಂಕಿನ ಸಹಿಯ ನಮೂನೆ 35. ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30. ಇಲ್ಲಿನ ಹೊಸ ನಂಬರಿಗೆ ನಮೂನೆ 27. ಕೊಂಡವರು 30 ದಿನದೊಳಗೆ ವರದಿ ಮಾಡಬೇಕು, ವಿಮೆ ಹೆಸರು ಬದಲಾವಣೆಗೆ 14 ದಿನದೊಳಗೆ ಬರೆಯಬೇಕು. ಆಂಧ್ರದ ಆಜೀವ ತೆರಿಗೆ ಮತ್ತೆ ಕಟ್ಟಬೇಕು, ಅದು ಗಾಡಿಯ ಬೆಲೆ ಮತ್ತು ವಯಸ್ಸಿನ ಮೇಲೆ. ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳಬಹುದು. ಬಹಳ ಜನ ಕೇಳುವುದೇ ಇಲ್ಲ. ನೋಂದಣಿಯ ಆಯಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅಂದರೆ ಐದನೆಯ ತಲೆಮಾರಿನ ಕ್ಯಾಮ್ರಿಗಳೆಲ್ಲ ಆ ಗಡುವು ದಾಟಿವೆ, ಆರನೆಯದರಲ್ಲೂ ಬಹುಪಾಲು ದಾಟಿವೆ.

ಇನ್ನೊಂದು ಮಾತು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಬಹಳಷ್ಟು ದುಬಾರಿ ಕಾರುಗಳು ನೀರಿನಲ್ಲಿ ನಿಂತವು. ಅವುಗಳಲ್ಲಿ ಎಷ್ಟು ಒಣಗಿಸಿ, ಹೊಳಪು ಕೊಟ್ಟು, ದೂರದ ಊರಿನ ಗಿರಾಕಿಯನ್ನು ಕಾಯುತ್ತಿವೆಯೋ. ಸೀಟಿನ ಅಡಿಯ ಕಂಬಳಿ ಎತ್ತಿ ಮೂಸಿ ನೋಡಿ, ಸೀಟು ಓಡುವ ಕಂಬಿಯಲ್ಲಿ ತುಕ್ಕಿದೆಯೇ ನೋಡಿ. ವಿಮೆಯ ಹಳೆಯ ದಾಖಲೆ ಕೇಳಿ.

ಆ ಮನೆಯವರ ಕಥೆ ಏನಾಯಿತು ಎಂದು ಕೇಳುತ್ತೀರಿ. ತಂದೆ, ಮಗ, ಮೆಕ್ಯಾನಿಕ್ ಮಿತ್ರರು ಮತ್ತು ನಾವು ರಾತ್ರಿಯ ರೈಲಿಗೆ ಬೆಂಗಳೂರಿಗೆ ಹೋದೆವು. ಕಾರು ಚೆನ್ನಾಗಿಯೇ ಇತ್ತು, ಹೊರಗೆ. ಗಾಳಿಯ ಕಿಂಡಿಯ ಮುಚ್ಚಳ ತೆಗೆದರೆ ಬೂದು ಬಣ್ಣದ ಧೂಳಿನ ಹಾಸಿಗೆ. ನೋಂದಣಿ ಪುಸ್ತಕದಲ್ಲಿ ಸಾಲದ ನಮೂದು ಹಾಗೆಯೇ ಇತ್ತು, ನಮೂನೆ 35 ಕೇಳಿದರೆ "ಬರುತ್ತೆ ಸರ್" ಎಂದರು. ಮುಂಗಡ ಕೊಡದೆ ವಾಪಸು ಬಂದೆವು. ಬರುವಾಗ ಹುಡುಗ ಗುಂತಕಲ್ಲಿನವರೆಗೂ ಮಾತಾಡಲಿಲ್ಲ. ಈಗ ಅವನು 2019ರ ನಂತರದ್ದೇ ಆಗಬೇಕು ಎಂದು ಹುಡುಕುತ್ತಿದ್ದಾನೆ, ಬ್ಯಾಟರಿ ಪರೀಕ್ಷೆಯ ವರದಿ ಇಲ್ಲದೆ ಫೋನೇ ಎತ್ತುವುದಿಲ್ಲವಂತೆ. ತಂದೆಯವರು ಇನ್ನೋವಾ ಸಾಕು ಎನ್ನುತ್ತಿದ್ದಾರೆ. ಮನೆಯಲ್ಲಿ ಮಾತು ಮುಗಿದಿಲ್ಲ.

ಕರ್ನಾಟಕದ ಗಾಡಿ ಕೊಳ್ಳುವ ಯೋಚನೆ ಇರುವ ಸದಸ್ಯರು ಮುಂಗಡ ಕೊಡುವ ಮೊದಲು ನೋಂದಣಿ ಪತ್ರ, ವಿಮೆ, ತೆರಿಗೆ ರಸೀದಿ ಇವುಗಳ ನಕಲು ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬಂದರೆ ಕೂತು ಓದಿ ಹೇಳುತ್ತೇವೆ. ಶುಲ್ಕವಿಲ್ಲ. ಓದಲು ಕಷ್ಟವಾಗುತ್ತದೆ, ನಕಲು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಇರಲಿ.